ಫ್ಯಾನಿನ ಪಂಚಾಯ್ತಿ

ಗದಗ ಜಿಲ್ಲೆಯಲ್ಲಿ ಎರಡು ತರದ ಊರುಗಳಿವೆ. ಫ್ಯಾನು ಬಂದ ಊರು, ಫ್ಯಾನಿನ ಏಜೆಂಟ್ ಬಂದ ಊರು. ನಮ್ಮದು ಸದ್ಯಕ್ಕೆ ಎರಡನೆಯದು. ಫ್ಯಾನು ಅಂದರೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಗಾಳಿಯಂತ್ರ, ಏಜೆಂಟ್ ಅಂದರೆ ಅದನ್ನು ನಿಲ್ಲಿಸುವ ಕಂಪನಿಗೆ ಹೊಲ ಹುಡುಕಿಕೊಡುವವ. ಗಾಳಿ ಅಳೆಯುವ ಕಂಬವನ್ನು ಎರೆ ಹೊಲದಲ್ಲಿ ನೆಟ್ಟು ವರ್ಷ ದಾಟಿತು. ಅದನ್ನು ಮೊಬೈಲ್ ಟವರ್ ಅಂದುಕೊಂಡು ಕೆಳಗೆ ನಿಂತು ಸಿಗ್ನಲ್ ಹುಡುಕಿದವರೂ ಇದ್ದಾರೆ. ಯಾಕೆಂದರೆ ಅದು ಏನು ಅಂತ ಊರಿಗೆ ಯಾರೂ ಹೇಳಿರಲಿಲ್ಲ.

ಮೊನ್ನೆ ಸಂಜೆ ಬೇವಿನ ಕಟ್ಟೆಯ ಮೇಲೆ ಇದೇ ಮಾತು. ಗೌಡ್ರ ಮುಖದಲ್ಲಿ ಹುಣ್ಣಿಮೆ. ಏಜೆಂಟ್ ಅವರ ಹೊಲದ ಉತಾರದ, ಅಂದರೆ ಪಹಣಿಯ, ಝೆರಾಕ್ಸ್ ತೆಗೆದುಕೊಂಡು ಹೋಗಿದ್ದ.

"ಗಾಳಿ ಬಂದಾಗ ತೂರಿಕೊಳ್ಳಬೇಕು" ಅಂದರು ಗೌಡ್ರು.

"ತೂರಿಕೊಳ್ಳೋದು ನೀವು. ಹೊಟ್ಟು ಬೀಳೋದು ನನ್ನ ಕಣ್ಣಿಗೆ" ಅಂದ ಉಳ್ಳಾಗಡ್ಡಿ. ಅವನ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಸದಾ ಈರುಳ್ಳಿ ರೇಟಿನ ಚಿಂತೆ ಮಾಡುವುದಕ್ಕೆ ಊರು ಇಟ್ಟ ಹೆಸರು ಇದು. ಅವನ ಹೊಲ ಗೌಡ್ರ ಹೊಲಕ್ಕೆ ಅಂಟಿಕೊಂಡಂತೆ ಪಡುವಣಕ್ಕಿದೆ. ಅದು ಕಂಪನಿಗೆ ಬೇಡವಂತೆ.

"ಆಷಾಢದ ಗಾಳಿ ಎಲ್ಲಿಂದ ಬರುತ್ತೆ? ಪಡುವಣದಿಂದ. ಅಂದರೆ ನನ್ನ ಹೊಲ ದಾಟಿಯೇ ನಿಮ್ಮ ಹೊಲಕ್ಕೆ ಬರಬೇಕು. ಅದಕ್ಕೆ ಬಾಡಿಗೆ ಯಾರು ಕೊಡ್ತಾರೆ?"

ನಗೋಣ ಅಂದುಕೊಂಡೆವು. ಆದರೆ ಮೇಷ್ಟ್ರು ನಗಲಿಲ್ಲ. "ಡೆನ್ಮಾರ್ಕಿನಲ್ಲಿ ಇವನ ತರದವರಿಗೆ 2009ರಲ್ಲೇ ಕಾನೂನು ಜಾರಿಗೆ ತಂದಿದ್ದರು. ಹೊಸ ಫ್ಯಾನು ನಿಲ್ಲಿಸುವವರು ಕನಿಷ್ಠ 20 ಪರ್ಸೆಂಟ್ ಷೇರನ್ನು ಸ್ಥಳೀಯರ ಮುಂದೆ ಇಡಬೇಕು. ನಾಲ್ಕೂವರೆ ಕಿಲೋಮೀಟರಿನೊಳಗೆ ಇರುವವರಿಗೆ ಮೊದಲ ಹಕ್ಕು. 2020ರಲ್ಲಿ ಅದನ್ನು ಕೈಬಿಟ್ಟು, ತೀರಾ ಹತ್ತಿರದ ಮನೆಗಳಿಗೆ ವರ್ಷ ವರ್ಷ ಬೋನಸ್ ಕೊಡುವ ಪದ್ಧತಿ ತಂದರು."

"ಬೋನಸ್ಸಾ? ದೀಪಾವಳಿಗೆ ಕೊಡ್ತಾರಾ?"

"ಅಲ್ಲಿ ದೀಪಾವಳಿ ಇಲ್ಲ ಮಾರಾಯ."

"ಮತ್ತೆ ಕೊಟ್ಟು ಏನು ಉಪಯೋಗ!"

ಗೌಡ್ರ ಅಳಿಯ ಬೆಂಗಳೂರಿನಿಂದ ಬಂದಿದ್ದ. ಮೊಬೈಲ್ ತೆಗೆದು, ನಮ್ಮಲ್ಲಿ ಯಾವ ಯಾವ ಯೋಜನೆಗೆ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ತು ಇಲ್ಲವೇ ಇಲ್ಲ ಅಂದ. ದೊಡ್ಡ ಗಣಿಗಾರಿಕೆಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ, ಫ್ಯಾನಿಗೆ ಹಾಗಿಲ್ಲ. ಕಾಡಿನ ಜಾಗವಾದರೆ ಅರಣ್ಯದ ಅನುಮತಿ ಬೇಕು, ನಮ್ಮದು ಎರೆ ಹೊಲ. ಹಾಗಾಗಿ ಏಜೆಂಟ್ ಒಬ್ಬೊಬ್ಬರ ಮನೆಗೆ ಹೋಗಿ ಚಹಾ ಕುಡಿದು ಬಂದರೆ ಊರನ್ನು ಕೇಳಿದ ಹಾಗೆ. ನನ್ನ ತಕರಾರು ಇರುವುದು ಇಲ್ಲೇ. ಚಹಾ ಕುಡಿದ ಮನೆಗಳೆಲ್ಲ ಹೊಲ ಕೊಡುವವರದ್ದು. ಫ್ಯಾನಿನ ಸದ್ದು ಕೇಳಬೇಕಾದವರ ಮನೆಯಲ್ಲಿ ಅವನು ನೀರನ್ನೂ ಕುಡಿದಿಲ್ಲ.

"ಆದರೆ 2016ರ ಕೇಂದ್ರದ ಮಾರ್ಗಸೂಚಿಯಲ್ಲಿ ಒಂದು ಮಾತಿದೆ" ಅಂದ ಅಳಿಯ. "ವಾಸದ ಮನೆಯಿಂದ 500 ಮೀಟರಿನೊಳಗೆ ಫ್ಯಾನು ಹಾಕಬಾರದು."

ಉಳ್ಳಾಗಡ್ಡಿ ಎದ್ದು ಕೂತ. "ಹೊಲದಲ್ಲಿ ಒಂದು ತಗಡಿನ ಮನೆ ಹಾಕಲಿಕ್ಕೆ ಎಷ್ಟು ಖರ್ಚಾದೀತು?"

ಗೌಡ್ರು ಅಳಿಯನನ್ನು ನೋಡಿದ ನೋಟ ಹೇಗಿತ್ತೆಂದರೆ, ಆ ಹುಡುಗ ಮೊಬೈಲ್ ಜೇಬಿಗಿಟ್ಟು ರಾತ್ರಿ ಊಟದವರೆಗೆ ಬಾಯಿ ಬಿಡಲಿಲ್ಲ.

ಇನ್ನು ಮೋಡದ ವಿಷಯ. ಫ್ಯಾನು ಮೋಡ ಓಡಿಸುತ್ತೆ ಅನ್ನುವ ಮಾತು ಕಟ್ಟೆಗೆ ಬಾರದೆ ಇರುತ್ತದೆಯೇ?

"ರೆಕ್ಕೆಯ ತುದಿ ಎಷ್ಟೇ ಮೇಲೆ ಹೋದರೂ 200 ಮೀಟರ್ ಆಸುಪಾಸು. ಮಳೆ ಮೋಡ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಎತ್ತರದಲ್ಲಿರುತ್ತೆ" ಅಂದರು ಮೇಷ್ಟ್ರು.

"ನಮ್ಮೂರಲ್ಲಿ ಫ್ಯಾನೇ ಇಲ್ಲ. ಹೋದ ಸಲ ಮಳೆ ಯಾಕೆ ಬರಲಿಲ್ಲ?" ಗೌಡ್ರ ಪಾಟಿಸವಾಲು.

"ಪಕ್ಕದೂರಿನದು ಬಡಿದಿರಬೇಕು."

ಕಂಪನಿಯವರು ಇಂಥ ಪ್ರಶ್ನೆಗೆ ನಗುತ್ತಾರೆ. ನಗಲಿ. ಆದರೆ ಸದ್ದಿನ ಪ್ರಶ್ನೆಗೂ, ಸಂಜೆ ಮನೆಯ ಗೋಡೆ ಮೇಲೆ ಓಡಾಡುವ ರೆಕ್ಕೆಯ ನೆರಳಿನ ಪ್ರಶ್ನೆಗೂ ಅದೇ ನಗುವನ್ನೇ ಉತ್ತರ ಮಾಡಿಬಿಡುತ್ತಾರೆ, ಅದು ಸರಿಯಲ್ಲ.

ಅಲ್ಲಿಯವರೆಗೆ ಎಲ್ಲ ಹರಟೆಯೇ. ಚಹಾ ಅಂಗಡಿಯವ ಗ್ಲಾಸು ತೊಳೆಯುತ್ತಾ ಸುಮ್ನೆ ಒಂದು ಮಾತು ಕೇಳಿದ. "ಆ ರೆಕ್ಕೆ ಊರೊಳಗೆ ಹೇಗೆ ಬರುತ್ತೆ?"

ಒಂದೊಂದು ರೆಕ್ಕೆ 60-70 ಮೀಟರ್ ಉದ್ದ. ತುಂಡು ಮಾಡಿ ತರುವಂತಿಲ್ಲ, ಒಂದೇ ಲಾರಿಯಲ್ಲಿ ಇಡಿಯಾಗಿ ಬರಬೇಕು. ನಮ್ಮ ಅಗಸಿ ತಿರುವಿನಲ್ಲಿ ಬಸ್ಸೇ ಹಿಂದೆ ಮುಂದೆ ಆಡಿ, ಕಂಡಕ್ಟರ್ ಇಳಿದು ಸೀಟಿ ಊದಿದ ಮೇಲೆ ತಿರುಗುತ್ತದೆ. ತಿರುವಿನ ಒಂದು ಕಡೆ ಹನುಮಪ್ಪನ ಗುಡಿ. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಇನ್ನೊಂದು ಕಡೆ ನಾವು ಕೂತಿದ್ದ ಕಟ್ಟೆ.

ಎಲ್ಲರೂ ಕೆಳಗೆ ನೋಡಿದೆವು. ಗೌಡ್ರು ಕೂಡ.

"ಅರ್ಜಿ ಬರೀರಿ ಮೇಷ್ಟ್ರೇ" ಅಂದರು ಗೌಡ್ರೇ.

ಮೇಷ್ಟ್ರು ಬರೆದರು. ಸಹಿ ಹಾಕಿಸಿಕೊಳ್ಳುವ ಮೊದಲು ಗ್ರಾಮಸಭೆ ಕರೆಯಬೇಕು. ಫ್ಯಾನು ಎಲ್ಲೆಲ್ಲಿ, ರಸ್ತೆ ಎಲ್ಲೆಲ್ಲಿ ಅಂತ ನಕ್ಷೆ ತೂಗುಹಾಕಬೇಕು, ಕನ್ನಡದಲ್ಲಿ. ಹಾಳಾದ ರಸ್ತೆ ಯಾರು ಸರಿ ಮಾಡ್ತಾರೆ, ಆಯುಷ್ಯ ಮುಗಿದ ಫ್ಯಾನನ್ನು ಯಾರು ಇಳಿಸ್ತಾರೆ, ಕಾಗದದ ಮೇಲೆ ಬೇಕು. ಹೊಲ ಕೊಡದ ಅಕ್ಕಪಕ್ಕದವರಿಗೂ ಏನಾದರೂ ಸಿಗಬೇಕು. ಇದರ ಕೆಳಗೆ ಉಳ್ಳಾಗಡ್ಡಿ ಎರಡು ಗೆರೆ ಎಳೆಸಿದ.

ಸಭೆ ಯಾವತ್ತು? ಕಂಪನಿಯವರಿಗೆ ಬೆಳಗ್ಗೆ ಹನ್ನೊಂದು ಗಂಟೆ ಅಂದರೆ ಇಷ್ಟ. ಆಗ ಊರಲ್ಲಿ ನಾಯಿಗಳು ಮಾತ್ರ ಇರುತ್ತವೆ. ರಾತ್ರಿ ಎಂಟಕ್ಕೆ ಅಂದರೆ ಕ್ರಿಕೆಟ್ ಮ್ಯಾಚ್. ಕೊನೆಗೆ ಸೋಮವಾರ ಅಂತಾಯಿತು. ಅವತ್ತು ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ, ಎಲ್ಲರಿಗೂ ಪುರಸೊತ್ತು. ಈ ಕಟ್ಟೆಯ ಮೇಲಿದ್ದ ಒಬ್ಬನ ಮನೆಯಲ್ಲೂ ಈಗ ಎತ್ತಿಲ್ಲ, ಎಲ್ಲ ಟ್ರ್ಯಾಕ್ಟರೇ. ಸೋಮವಾರದ ರಜೆ ಮಾತ್ರ ಯಾರೂ ಬಿಟ್ಟುಕೊಟ್ಟಿಲ್ಲ.