ಎದುರು ಹೋಟೆಲು ಮತ್ತು ಐರ್ಲೆಂಡ್

ಭಾನುವಾರ ಬೆಳಿಗ್ಗೆ ಗಾಂಧಿಬಜಾರಿನ ಹೋಟೆಲೊಂದರಲ್ಲಿ ನಾವು ನಾಲ್ವರು, ದೋಸೆ ತಿನ್ನುತ್ತಿದ್ದವರ ಕುರ್ಚಿಯ ಬೆನ್ನಿಗೆ ಕೈಯೂರಿ, ಅವರ ತಟ್ಟೆಯಲ್ಲಿ ಇನ್ನೆಷ್ಟು ಚಟ್ನಿ ಉಳಿದಿದೆಯೆಂದು ಅಂದಾಜು ಮಾಡುತ್ತ ನಿಂತಿದ್ದೆವು. ಮಗಳು ಡಬ್ಲಿನ್ನಿನಲ್ಲಿರುವುದರಿಂದ ಐರ್ಲೆಂಡಿನ ಬಗ್ಗೆ ತಮ್ಮ ಮಾತೇ ಅಂತಿಮವೆಂದು ನಂಬಿರುವ ರಾಯರು, “ನಿರುದ್ಯೋಗ ಹೆಚ್ಚಿದರೆ ಜನ ದೇಶ ಬಿಡುತ್ತಾರೆ, ಇದರಲ್ಲಿ ಚರ್ಚಿಸುವುದೇನಿದೆ?” ಎಂದರು.

“ಹಾಗಾದರೆ 1980ರ ದಶಕದ ಆರಂಭದಲ್ಲಿ ಐರ್ಲೆಂಡಿನಲ್ಲಿ ನಿರುದ್ಯೋಗ ಏರುತ್ತಲೇ ಇದ್ದರೂ ಹೊರಟವರ ಸಂಖ್ಯೆ ಯಾಕೆ ಅಷ್ಟಾಗಿ ಏರಲಿಲ್ಲ?” ಎಂದು ಬ್ಯಾಂಕಿನಿಂದ ನಿವೃತ್ತರಾದ ಮೂರ್ತಿಗಳು ಕೇಳಿದರು. “ಅವರು ಕೆಲಸ ಹುಡುಕಿ ಹೋಗುತ್ತಿದ್ದ ಬ್ರಿಟನ್ನಿನಲ್ಲೇ ಆಗ ಸುಮಾರು 30 ಲಕ್ಷ ಜನರಿಗೆ ಕೆಲಸವಿರಲಿಲ್ಲ. ಎದುರು ಹೋಟೆಲಿನಲ್ಲೂ ಹೀಗೆಯೇ ಕುರ್ಚಿಗಳ ಹಿಂದೆ ಜನ ನಿಂತಿದ್ದರೆ ಯಾರು ರಸ್ತೆ ದಾಟುತ್ತಾರೆ? ದಶಕದ ಕೊನೆಗೆ ಅಲ್ಲಿ ಕೆಲಸ ಚುರುಕಾಯಿತು ನೋಡಿ, 1989ರ ಏಪ್ರಿಲ್‌ವರೆಗಿನ ಒಂದೇ ವರ್ಷದಲ್ಲಿ ಸುಮಾರು 70 ಸಾವಿರ ಮಂದಿ ಗಂಟುಮೂಟೆ ಕಟ್ಟಿದರು.”

“ದಶಕದ ನಡುವೆ ಶೇ. 17ರ ಆಸುಪಾಸಿನಲ್ಲಿದ್ದ ನಿರುದ್ಯೋಗವೂ ಆಮೇಲೆ ಇಳಿಯಿತಲ್ಲ!” ಎಂದು ರಾಯರು ಗೆದ್ದವರಂತೆ ನಮ್ಮ ಮುಖ ನೋಡಿದರು.

“ಕುರ್ಚಿ ಹೆಚ್ಚಿದ್ದರಿಂದಲೋ, ಕಾಯುವವರು ಎದ್ದುಹೋದದ್ದರಿಂದಲೋ?” ಎಂದು ಸೀನು ಕೆಣಕಿದ. “ಎದುರು ಹೋಟೆಲಿಗೆ ಹೋದವನನ್ನು ಈ ಹೋಟೆಲಿನ ಸಾಲಿನಲ್ಲಿ ಯಾರೂ ಎಣಿಸುವುದಿಲ್ಲ, ರಾಯರೇ.”

ಈ ಸತ್ಯ ಐರ್ಲೆಂಡಿನ ಸರ್ಕಾರಕ್ಕೂ ತಿಳಿಯದ್ದೇನಲ್ಲ. 1987ರಲ್ಲಿ ಮಂತ್ರಿ ಬ್ರಯನ್ ಲೆನಿಹನ್, ಒಂದು ಪುಟ್ಟ ದ್ವೀಪದಲ್ಲಿ ಎಲ್ಲರೂ ಬದುಕಲಾಗದು ಎಂಬರ್ಥದ ಮಾತಾಡಿ ಬೈಸಿಕೊಂಡಿದ್ದರು. ನಮ್ಮ ಗಲ್ಲೆಯ ಮೇಲಿದ್ದವರೂ ಅದೇ ಧಾಟಿಯಲ್ಲಿ, “ಎಲ್ಲರಿಗೂ ಇಲ್ಲೇ ಜಾಗ ಅಂದರೆ ಹೇಗೆ ಸ್ವಾಮಿ?” ಎಂದರು.

2004ರ ನಂತರ ಪೋಲೆಂಡಿನವರೇ ಕೆಲಸ ಹುಡುಕಿಕೊಂಡು ಬರುವಷ್ಟು ಸುಭಿಕ್ಷವಾಗಿದ್ದ ಆ ದೇಶದಲ್ಲಿ, 2008ರ ಆರ್ಥಿಕ ಕುಸಿತದಿಂದಾಗಿ ನಿರುದ್ಯೋಗ ಶೇ. 15ರವರೆಗೆ ಹೋಗಿ, 2013ರ ಏಪ್ರಿಲ್‌ಗೆ ಮುಗಿದ ವರ್ಷದಲ್ಲಿ ಸುಮಾರು 89 ಸಾವಿರ ಮಂದಿ ಹೊರನಡೆದರೆಂದು ಮೂರ್ತಿಗಳು ವಿವರಿಸಿದರು. “ತಮಾಷೆಯೆಂದರೆ, ಆಗ ಹೊರಟ ಐರಿಷರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಪೂರ್ಣಾವಧಿ ಕೆಲಸವಿತ್ತು.”

“ಕುರ್ಚಿಯಿದ್ದೂ ಯಾರಾದರೂ ಏಳುತ್ತಾರೆಯೇ?” ಎಂದು ರಾಯರು ಗದರಿದರು.

ನಮ್ಮ ಮುಂದೆ ಕುಳಿತಿದ್ದವರು ಅರ್ಧ ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು, ಕೈಯೊರೆಸಿಕೊಂಡು, “ಇಷ್ಟು ಉಪನ್ಯಾಸ ಕೇಳಿಕೊಂಡು ತಿನ್ನುವುದಕ್ಕಾಗುವುದಿಲ್ಲ” ಎಂದು ಎದ್ದರು. ರಾಯರು ತಕ್ಷಣ ಕುಳಿತರು. ಕಾಯುವವರು ಇನ್ನು ಮೂವರು ಎಂದು ತಿರುಗಿ ನೋಡಿದರೆ ಇಬ್ಬರೇ ಇದ್ದೆವು. ಸೀನು ಎದುರು ಹೋಟೆಲಿನ ಕಟ್ಟೆಯ ಮೇಲೆ ಕುಳಿತು ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತಿದ್ದ.