ಪೆಡಲ್ ಬಿಟ್ಟರೂ ಬ್ರೇಕ್ ಬಿಡುತ್ತಿಲ್ಲ: 1928ರ ಆಸ್ಟಿನ್ ಸೆವೆನ್

ಹಳೇಗಾಡಿ: ನಮಸ್ಕಾರ. ನನ್ನ ಆಸ್ಟಿನ್ ಸೆವೆನ್ (ಇಂಗ್ಲೆಂಡಿನ ಹಳೇ ಸಣ್ಣ ಕಾರು) ಬ್ರೇಕ್ ಪೆಡಲ್ ಒತ್ತಿ ಬಿಟ್ಟರೆ ವಾಪಸ್ ಬರುವಾಗ ಅರ್ಧಕ್ಕೇ ನಿಲ್ಲುತ್ತದೆ, ಕಾಲಲ್ಲಿ ಮೇಲೆತ್ತಬೇಕು. ಹಿಂದಿನ ಡ್ರಮ್ ಎರಡೂ ಬಿಸಿ, ಮುಂದಿನವು ತಣ್ಣಗಿವೆ. ಪೆಡಲ್ ಎಳೆತವನ್ನು ಬ್ರೇಕ್ ಕೇಬಲ್‌ಗೆ ದಾಟಿಸುವ ಅಡ್ಡ ಶಾಫ್ಟ್‌ನ ಬುಷ್‌ಗೆ (ಶಾಫ್ಟ್ ಕೂರುವ ಲೋಹದ ಕೊಳವೆ) ಎಣ್ಣೆ ಬಿಟ್ಟರೆ ಸ್ವಲ್ಪ ದಿನ ಸರಿ, ಆಮೇಲೆ ಮತ್ತೆ ಅದೇ ಕಥೆ. ಪೆಡಲ್ ವಾಪಸ್ ಎಳೆಯಲು ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಲಾ?

ಲೇತ್‌ಮನೆ: ಬೇಡ ಸರ್. ಕಾಲಿಗೆ ಭಾರ ಅಷ್ಟೇ, ಕಾಯಿಲೆ ಹಾಗೇ ಇರುತ್ತದೆ. 1930ಕ್ಕೆ ಮುಂಚಿನ ಸೆವೆನ್‌ನಲ್ಲಿ ಪೆಡಲ್ ಹಿಂದಿನ ಚಕ್ರಗಳಿಗೆ, ಕೈ ಲಿವರ್ ಮುಂದಿನವಕ್ಕೆ. ಹಾಗಾಗಿ ಪೆಡಲ್ ಕಡೆಯೇ ಹುಡುಕಿ. ಕೇಬಲ್, ಸ್ಪ್ರಿಂಗ್ ಎರಡೂ ಕಳಚಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ಆಡಿದರೆ ತೊಂದರೆ ಕೇಬಲ್‌ನಲ್ಲೋ ಡ್ರಮ್ಮಿನ ಕ್ಯಾಮ್‌ನಲ್ಲೋ (ಬ್ರೇಕ್ ಶೂಗಳನ್ನು ಅಗಲಿಸುವ ತುಂಡು) ಇದೆ.

ಹಳೇಗಾಡಿ: ಶಾಫ್ಟ್ ಕೈಗೆ ತಿರುಗಲೇ ಇಲ್ಲ, ಸ್ಪ್ಯಾನರ್ ಹಾಕಬೇಕಾಯ್ತು! ಹೊರಗೆ ತೆಗೆದೆ. ಶಾಫ್ಟ್‌ನ ಒಂದು ಮಗ್ಗುಲು ಮಾತ್ರ ಸವೆದು ಹೊಳೆಯುತ್ತಿದೆ, ಪಕ್ಕದಲ್ಲಿ ಕೆಂಪು ತುಕ್ಕಿನ ಪುಡಿ. ಎಣ್ಣೆ ತೂತಿನ ತುಂಬ ಕಪ್ಪು ಅಂಟು.

ಲೇತ್‌ಮನೆ: ಅಲ್ಲೇ ಇದೆ ನೋಡಿ. ಈ ಶಾಫ್ಟ್ ಪೂರ್ತಿ ಸುತ್ತುವುದಿಲ್ಲ, ಸ್ವಲ್ಪ ಹಿಂದೆ ಮುಂದೆ ಅಲುಗುತ್ತದೆ. ಸುತ್ತುವ ಶಾಫ್ಟ್ ಆದರೆ ಎಣ್ಣೆಯನ್ನು ತಾನೇ ಎಳೆದುಕೊಳ್ಳುತ್ತದೆ. ಇದು ಹಾಗಲ್ಲ. ಮೇಲಿನ ತೂತಿಗೆ ಎಷ್ಟು ಸುರಿದರೂ ಭಾರ ಬೀಳುವ ಮಗ್ಗುಲಿಗೆ ಹೋಗುವುದು ಕಷ್ಟ.

ಸೀಮೆಎಣ್ಣೆಯಲ್ಲಿ ತೊಳೆದು, ಬುಷ್ ಒಳಗೆ ಉದ್ದಕ್ಕೆ ಮೂರ್ನಾಲ್ಕು ಸಣ್ಣ ಗ್ರೂವ್ (ತೋಡು) ಹೊಡೆಸಿ, ಸವೆದ ಕಡೆಗೇ. ಎರಡು ಗ್ರೂವ್ ನಡುವಿನ ಅಂತರ ಶಾಫ್ಟ್ ಅಲುಗುವ ಅಳತೆಗಿಂತ ಕಮ್ಮಿ ಇರಲಿ. ಆಗ ಆ ಮಗ್ಗುಲು ಪೂರ್ತಿ ಗ್ರೀಸ್ ಸವರಿಕೊಳ್ಳುತ್ತದೆ. ತೂತಿನಿಂದ ಅವಕ್ಕೆ ಒಂದು ಅಡ್ಡ ಗ್ರೂವ್. ಅಂಚಿಗಿಂತ ಸ್ವಲ್ಪ ಒಳಗೇ ನಿಲ್ಲಿಸಿ, ಇಲ್ಲಾಂದ್ರೆ ಗ್ರೀಸೆಲ್ಲ ಸುಮ್ನೆ ಹೊರಗೆ. ತೂತಿಗೆ ನಿಪ್ಪಲ್ (ಗನ್‌ನಿಂದ ಗ್ರೀಸ್ ತುಂಬುವ ಬಾಯಿ) ಕೂರಿಸಿ. ಬುಷ್ ಜಾಸ್ತಿ ಸಡಿಲ ಆಗಿದ್ದರೆ ಇದ್ಯಾವುದೂ ಬೇಡ, ಹೊಸದೇ ಹಾಕಿ.

ಸಂಜೆಸವಾರಿ: ಗೇರ್ ಆಯಿಲ್ ಸಾಕಲ್ವಾ? ಜಿಎಲ್-5 ಮಿಕ್ಕಿದೆ.

ಲೇತ್‌ಮನೆ: ಅದು ಬೇಡ. ಅದರಲ್ಲಿನ ಗಂಧಕದ ಅಂಶ ಕಂಚಿನ ಬುಷ್ಷನ್ನು ತಿನ್ನಬಹುದು. ಸಾದಾ ಲಿಥಿಯಂ ಗ್ರೀಸ್, 2ನೇ ನಂಬರ್, ಸಾಕು. ಹಿಂದಿನವರು ಯಾರಾದರೂ ಆಯಿಲೈಟ್ ಬುಷ್ ಹಾಕಿದ್ದರೆ ಮಾತ್ರ ಗ್ರೂವ್ ಹೊಡೆಸಬೇಡಿ, ಸೀಮೆಎಣ್ಣೆಯಲ್ಲೂ ತೊಳೆಯಬೇಡಿ. ಅದರ ರಂಧ್ರಗಳಲ್ಲೇ ಎಣ್ಣೆ ಇರುತ್ತದೆ.

ಹಳೇಗಾಡಿ: ನನ್ನದು ಸಾದಾ ಕಂಚು. ಲೇತ್‌ಗೆ ಬ್ರಾಕೆಟ್ ಸಮೇತ ಕೊಡಬೇಕಾ?

ಲೇತ್‌ಮನೆ: ಬುಷ್, ಶಾಫ್ಟ್ ಸಾಕು. ವಾಪಸ್ ಜೋಡಿಸುವಾಗ ಗಾಡಿ ಚಕ್ರದ ಮೇಲೇ ನಿಂತಿರಲಿ. ಸೆವೆನ್ ಚಾಸಿಸ್ ಜ್ಯಾಕ್ ಮೇಲೆ ತಿರುಚಿಕೊಳ್ಳುತ್ತದೆ. ಶಾಫ್ಟ್ ಆಡಿಸುತ್ತಾ ಬ್ರಾಕೆಟ್ ಬೋಲ್ಟ್ ಬಿಗಿ ಮಾಡಿ, ಎಲ್ಲಿ ಹಿಡಿಯಿತೋ ಅಲ್ಲಿ ತೆಳು ಪ್ಯಾಕಿಂಗ್ ಕೊಡಿ. ಗ್ರೀಸ್ ಅಂಚಲ್ಲಿ ಕಂಡ ಕೂಡಲೇ ಗನ್ ನಿಲ್ಲಿಸಿ.