ತಮಾಷೆಗೆ ಹೊಡೆದ ಅಲಾರಂ: ನಿವೃತ್ತ ಠಾಣಾಧಿಕಾರಿಗಳ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಗುಂಪಿನವರೊಬ್ಬರ ಫ್ಯಾಕ್ಟರಿಗೆ ಯಾರೋ ತಮಾಷೆಗೆ ಫೈರ್ ಇಂಜಿನ್ ಕರೆಸಿದ್ದರಲ್ಲ, ಅದರ ಮೇಲೆ ಇಲ್ಲಿ ಎರಡು ದಿನ ಜಗಳ ಆಯಿತು. ಅದಕ್ಕೇ ಇವತ್ತು ಅಗ್ನಿಶಾಮಕ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತರಾದ ಠಾಣಾಧಿಕಾರಿ ಸರ್ ಬಂದಿದ್ದಾರೆ. ರಾತ್ರಿ 9ರ ತನಕ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಠಾಣಾಧಿಕಾರಿ: ನಮಸ್ಕಾರ. ಕೇಳಿ. ಟೈಪ್ ಮಾಡುವುದು ನನಗೆ ನಿಧಾನ, ಸ್ವಲ್ಪ ತಾಳ್ಮೆ ಇರಲಿ.

ದಾಬಸ್‌ಪೇಟೆ ಗೋಡೌನ್: ಸರ್, ನಮ್ಮಲ್ಲಿ ಹೂಟರ್ ಸುಮ್ ಸುಮ್ನೆ ಹೊಡೆಯುತ್ತೆ. ವೈರ್ ತೆಗೆದಿಟ್ಟರೆ ತೊಂದರೆ ಇದೆಯಾ?

ಠಾಣಾಧಿಕಾರಿ: ಇದೆ. ತೆಗೆಯಬೇಡಿ. ಸುಮ್ನೆ ಹೊಡೆಯುವುದಿಲ್ಲ, ಏನೋ ಕಾರಣ ಇರುತ್ತದೆ. ಗೋಡೌನ್ ಅಂದರೆ ಹೆಚ್ಚಾಗಿ ಹೊಗೆ ಪತ್ತೆ ಮಾಡುವ ಡಿಟೆಕ್ಟರ್ ಒಳಗೆ ಧೂಳು, ಇಲ್ಲವೇ ಸಣ್ಣ ಹುಳ. ಸರ್ವಿಸ್‌ನವರನ್ನು ಕರೆಸಿ ಕ್ಲೀನ್ ಮಾಡಿಸಿ. ಯಾವ ಡಿಟೆಕ್ಟರ್, ಎಷ್ಟು ಗಂಟೆಗೆ ಹೊಡೆಯಿತು ಅಂತ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಹತ್ತು ಸಲ ಬರೆದರೆ ಕಾರಣ ತಾನಾಗಿಯೇ ಕಾಣುತ್ತದೆ.

ಹಾರೋಹಳ್ಳಿ ಸೂಪರ್‌ವೈಸರ್: ಸರ್, ಆಯುಧ ಪೂಜೆ ದಿನ ಧೂಪ ಹಾಕಿದರೆ ಪ್ರತಿ ವರ್ಷ ಅಲಾರಂ. ಹೋದ ವರ್ಷ ಸೆಕ್ಯುರಿಟಿಯವನು ಹೆದರಿ 112ಕ್ಕೆ ಫೋನ್ ಮಾಡಿದ. ಗಾಡಿ ಬಂದೇ ಬಿಟ್ಟಿತು. ಅವನಿಗೆ ಎಲ್ಲರೂ ಸೇರಿ ಬೈದರು.

ಠಾಣಾಧಿಕಾರಿ: ಅವನಿಗೆ ಬೈದಿದ್ದು ತಪ್ಪು. ಅವನು ಮಾಡಬೇಕಾದ ಕೆಲಸವನ್ನೇ ಮಾಡಿದ. ಮುಂದಿನ ಸಲ ಪೂಜೆ ಹೊತ್ತಿಗೆ ಆ ಒಂದು ಭಾಗದ ಅಲಾರಂ ಮಾತ್ರ ಐಸೊಲೇಟ್, ಅಂದರೆ ಆಫ್ ಮಾಡಿಸಿ, ಒಬ್ಬನನ್ನು ಅಲ್ಲೇ ಕಾವಲು ನಿಲ್ಲಿಸಿ. ಪೂಜೆ ಮುಗಿದ ಮೇಲೆ ವಾಪಸ್ ಆನ್ ಮಾಡಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿ. ಜನ ಮರೆಯುವುದು ಆ ವಾಪಸ್ ಆನ್ ಮಾಡುವುದನ್ನೇ.

ಸನ್ಮಿತ್ರ ಗ್ರೂಪ್ ಫಾರ್ವರ್ಡ್ಸ್: 🙏 ಹೊಸ ಕಾನೂನು!! 101 ಅಥವಾ 112ಕ್ಕೆ ಸುಳ್ಳು ಕರೆ ಮಾಡಿದರೆ 7 ವರ್ಷ ಜೈಲು, 1 ಲಕ್ಷ ದಂಡ. ಎಲ್ಲರಿಗೂ ಕಳಿಸಿ.

ಠಾಣಾಧಿಕಾರಿ: ಯಾರಿಗೂ ಕಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವುದು ಭಾರತೀಯ ನ್ಯಾಯ ಸಂಹಿತೆ. ಸುಳ್ಳು ಅಂತ ಗೊತ್ತಿದ್ದೂ ಸರ್ಕಾರಿ ನೌಕರನಿಗೆ ಮಾಹಿತಿ ಕೊಟ್ಟು, ಮಾಡಬಾರದ ಕೆಲಸ ಮಾಡಿಸಿದರೆ ಅದರ 217ನೇ ಕಲಂ. 1 ವರ್ಷದ ತನಕ ಸಜೆ, ಇಲ್ಲವೇ 10,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಬಾಂಬ್ ಬೆದರಿಕೆ ಅಂದರೆ ಬೇರೆ ಕಲಂಗಳೂ ಸೇರುತ್ತವೆ. ಆದರೆ ಹೊಗೆ ಕಂಡು ಹೆದರಿ ಫೋನ್ ಮಾಡಿದವನಿಗೆ ಇದು ಯಾವುದೂ ಇಲ್ಲ. ಇಂಥ ಫಾರ್ವರ್ಡ್ ಓದಿ ನಿಜವಾಗಿ ಹೊಗೆ ಕಂಡವನೂ ಫೋನ್ ಮಾಡಲು ಹಿಂಜರಿಯುತ್ತಾನೆ. ಅಷ್ಟು ಅರ್ಥವಾಗುವುದಿಲ್ಲವಾ?

ಎಚ್‌ಆರ್ ಮೇಡಂ: ಥ್ಯಾಂಕ್ಸ್ ಸರ್. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇದೆ ಅಂತ ಇಮೇಲ್ ಬಂತಲ್ಲ, ನಮ್ಮ ಆಫೀಸ್ ಅರ್ಧ ಖಾಲಿಯಾಯಿತು. ಅಪ್ಪ ಅಮ್ಮಂದಿರೆಲ್ಲ ಗೇಟಿಗೆ ಓಡಿದ್ದರು. ಕೊನೆಗೆ ಎಲ್ಲಾ ಹುಸಿ. ಅವತ್ತಿನಿಂದ ನನಗೆ ಈ ತಮಾಷೆ ಅನ್ನುವ ಪದ ಕೇಳಿದರೇ ಆಗಲ್ಲ. ಸಿಕ್ಕಿದವರನ್ನು ಅವತ್ತೇ ಕೆಲಸದಿಂದ ತೆಗೆಯಬೇಕು.

ಲೇತ್ ಆಪರೇಟರ್: ತೆಗೆಯುವುದು ಅಂದರೆ ಕಾಂಟ್ರಾಕ್ಟ್ ಹುಡುಗರನ್ನು ತಾನೇ ಮೇಡಂ? ಪರ್ಮನೆಂಟ್‌ನವರು ಮಾಡಿದರೆ ಒಂದು ಲೆಟರ್, ನಮ್ಮ ಹುಡುಗರು ಮಾಡಿದರೆ ಗೇಟ್ ಪಾಸ್ ವಾಪಸ್.

ಎಚ್‌ಆರ್ ಮೇಡಂ: ನಾನು ಹಾಗೆ ಹೇಳಲಿಲ್ಲ.

ಲೇತ್ ಆಪರೇಟರ್: ನೀವು ಹೇಳಬೇಕಾಗಿಲ್ಲ, ನಡೆಯುವುದೇ ಹಾಗೆ.

ಪೀಣ್ಯ ರಾತ್ರಿ ಶಿಫ್ಟ್: ಸರ್, ನಮ್ಮ ಕರೆಂಟ್ ಪ್ಯಾನೆಲ್ ರೂಂನಲ್ಲಿ ಹುಡುಗರು ಆಗಾಗ ಡಿಟೆಕ್ಟರ್ ಕೆಳಗೆ ಊದುಬತ್ತಿ ಹಿಡಿಯುತ್ತಾರೆ. ಹೂಟರ್ ಹೊಡೆದರೆ ಲೈನ್ ನಿಲ್ಲುತ್ತದೆ, ಎಲ್ಲರೂ ಹೊರಗೆ, ಇಪ್ಪತ್ತು ನಿಮಿಷ ಟೀ. ನಿನ್ನೆ ಇಬ್ಬರು ಎರಡು ಮೂಲೆಯಲ್ಲಿ ಹಿಡಿದಿದ್ದರು. ಈ ಸಲ ಸೌಂಡ್ ಬೇರೆ ಥರ ಬಂತು. ಎಲೆಕ್ಟ್ರಿಷಿಯನ್ ಅಣ್ಣ ಓಡಿ ಬಂದು ಬಾಗಿಲ ಹತ್ತಿರದ ಬಟನ್ ಒತ್ತಿ ಹಿಡಿದುಕೊಂಡೇ ನಿಂತರು. ಆಮೇಲೆ ಇಬ್ಬರ ಕೆನ್ನೆಗೂ ಹೊಡೆದರು. ಅಷ್ಟೊಂದು ಸಿಟ್ಟು ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ.

ಠಾಣಾಧಿಕಾರಿ: ಒಂದು ನಿಮಿಷ. ಆ ರೂಂ ಹೊರಗೆ ಸಾಲಾಗಿ ದೊಡ್ಡ ಸಿಲಿಂಡರ್ ಇವೆಯಾ? ಸೀಲಿಂಗ್‌ನಲ್ಲಿ ಪೈಪ್, ಪೈಪ್‌ಗೆ ಕೊಂಬಿನಂಥ ಬಾಯಿ?

ಪೀಣ್ಯ ರಾತ್ರಿ ಶಿಫ್ಟ್: ಹೌದು ಸರ್. ಆರು ಸಿಲಿಂಡರ್. ಸಿಒ2 ಅಂತ ಬರೆದಿದೆ.

ಬೊಮ್ಮಸಂದ್ರ ಟೂಲ್ ರೂಂ: ಸರ್ ನನ್ನ ಪ್ರಶ್ನೆ ಇನ್ಶೂರೆನ್ಸ್ ಬಗ್ಗೆ. ಸುಳ್ಳು ಅಲಾರಂನಲ್ಲಿ ಸ್ಪ್ರಿಂಕ್ಲರ್ ನೀರು ಬಿದ್ದು ಮಾಲು ಹಾಳಾದರೆ ಕ್ಲೇಮ್ ಸಿಗುತ್ತದಾ?

ಠಾಣಾಧಿಕಾರಿ: ಪೀಣ್ಯದವರಿಗೆ. ಬಾಕಿಯವರು ಸ್ವಲ್ಪ ತಡೆಯಿರಿ.

ನಿಮ್ಮ ಎಲೆಕ್ಟ್ರಿಷಿಯನ್ ಅಣ್ಣನ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಡೆಯಬಾರದಿತ್ತು, ಅದು ಬೇರೆ ಮಾತು.

ಆ ರೂಂನಲ್ಲಿ ಡಿಟೆಕ್ಟರ್‌ಗಳನ್ನು ಎರಡು ಗುಂಪು ಮಾಡಿರುತ್ತಾರೆ. ಒಂದು ಗುಂಪಿಗೆ ಹೊಗೆ ತಾಗಿದರೆ ಬರೀ ಹೂಟರ್. ಇಷ್ಟು ದಿನ ನಿಮ್ಮ ಹುಡುಗರು ಟೀ ಕುಡಿದಿದ್ದು ಅದರ ಪುಣ್ಯದಲ್ಲಿ. ಎರಡೂ ಗುಂಪಿಗೆ ತಾಗಿದರೆ ಅಲಾರಂ ಪ್ಯಾನೆಲ್ ಇದು ನಿಜವಾದ ಬೆಂಕಿ ಅಂತ ತೀರ್ಮಾನ ಮಾಡುತ್ತದೆ. ಸೌಂಡ್ ಬದಲಾಗುತ್ತದೆ, ಕೌಂಟ್‌ಡೌನ್ ಶುರು. ಸಾಮಾನ್ಯವಾಗಿ 30 ಸೆಕೆಂಡ್ ಇಟ್ಟಿರುತ್ತಾರೆ. ಅದು ಮುಗಿದರೆ ಆರೂ ಸಿಲಿಂಡರ್ ಒಟ್ಟಿಗೆ ಆ ರೂಂ ಒಳಗೆ ಖಾಲಿ. ಅಣ್ಣ ಒತ್ತಿ ಹಿಡಿದಿದ್ದು ಅದನ್ನು ತಡೆಯುವ ಅಬಾರ್ಟ್ ಬಟನ್.

ನಾವು ಉಸಿರಾಡುವ ಗಾಳಿಯಲ್ಲಿ ಸಿಒ2, ಅಂದರೆ ಕಾರ್ಬನ್ ಡೈಆಕ್ಸೈಡ್, ಸುಮಾರು 0.04%. ಅದು 10% ದಾಟಿದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ಹೋಗುತ್ತದೆ. ಬೆಂಕಿ ಆರಿಸಲು ರೂಂಗೆ ತುಂಬುವುದು ಕಡಿಮೆ ಅಂದರೂ 34%, ಕರೆಂಟ್ ಪ್ಯಾನೆಲ್ ಇರುವ ಕಡೆ ಇನ್ನೂ ಜಾಸ್ತಿ. ಅಷ್ಟು ಪ್ರಮಾಣದಲ್ಲಿ ಒಂದೆರಡು ಉಸಿರಿಗೇ ಮನುಷ್ಯ ಬೀಳುತ್ತಾನೆ. ಜೊತೆಗೆ ಬಿಳಿ ಮಂಜು ಎದ್ದು ಬಾಗಿಲೇ ಕಾಣುವುದಿಲ್ಲ. ಬಿದ್ದವನನ್ನು ಎತ್ತಲು ಹೋದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ.

2021ರ ಏಪ್ರಿಲ್‌ನಲ್ಲಿ ಟೋಕಿಯೋದಲ್ಲಿ ಒಂದು ಕಟ್ಟಡದ ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ ಸೀಲಿಂಗ್ ಕೆಲಸ ನಡೆಯುತ್ತಿತ್ತು. ಬೆಂಕಿ ಇರಲಿಲ್ಲ. ಸಿಒ2 ಬಿಟ್ಟುಕೊಂಡಿತು. 4 ಜನ ಕೆಲಸಗಾರರು ಸತ್ತರು.

ಈಗ ನನಗೆ ಉತ್ತರ ಬೇಕು. ರಾತ್ರಿ ಹೊತ್ತು ಆ ರೂಂ ಒಳಗೆ ಯಾರಾದರೂ ಇರುತ್ತಾರಾ?

ಪೀಣ್ಯ ರಾತ್ರಿ ಶಿಫ್ಟ್: ಎಸಿ ಇರುವುದು ಅಲ್ಲೊಂದೇ ಸರ್. ಎರಡು ಗಂಟೆ ಮೇಲೆ ಮೂರು ನಾಲ್ಕು ಜನ ಪ್ಯಾನೆಲ್ ಹಿಂದೆ ರಟ್ಟು ಹಾಸಿಕೊಂಡು ಮಲಗುತ್ತಾರೆ. ನಾನೂ ಮಲಗಿದ್ದೇನೆ.

ಠಾಣಾಧಿಕಾರಿ: ಇವತ್ತಿನಿಂದ ಯಾರೂ ಮಲಗಬೇಡಿ. ರಟ್ಟು ತೆಗೆದು ಹೊರಗೆ ಹಾಕಿ. ಸಿಒ2 ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದಲ್ಲೇ ತುಂಬುತ್ತದೆ, ಕೇಬಲ್ ಟ್ರೆಂಚ್‌ನಲ್ಲಿ ನಿಲ್ಲುತ್ತದೆ. ನೆಲದ ಮೇಲೆ ಮಲಗಿದವನಿಗೆ 30 ಸೆಕೆಂಡ್ ಅಂದರೆ ಕಣ್ಣು ಬಿಟ್ಟು ಚಪ್ಪಲಿ ಹುಡುಕುವಷ್ಟು ಹೊತ್ತು.

ಸಾವಿತ್ರಿ ನಿಲಯ: ಗ್ಯಾಸ್ ಬಿಟ್ಟರೆ ಒದ್ದೆ ಟವೆಲ್ ಮೂಗಿಗೆ ಕಟ್ಟಿಕೊಂಡರೆ ಸಾಕು ಅಂತ ನಮಗೆ ಬಂದಿತ್ತು. ಈರುಳ್ಳಿ ಮೂಸಿದರೂ ಆಗುತ್ತದಂತೆ.

ಠಾಣಾಧಿಕಾರಿ: ಅಮ್ಮಾ, ಇಲ್ಲ. ಒದ್ದೆ ಟವೆಲ್ ಹೊಗೆಯ ಮಸಿಯನ್ನು ಸ್ವಲ್ಪ ತಡೆದೀತು. ಸಿಒ2 ಟವೆಲ್‌ನಲ್ಲಿ ನಿಲ್ಲುವುದಿಲ್ಲ. ಅಲ್ಲಿ ಬೇಕಾಗಿರುವುದು ಗಾಳಿ, ಈರುಳ್ಳಿ ಅಲ್ಲ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಳ್ಳದೆ ನಾವೇ ಒಳಗೆ ಹೋಗುವುದಿಲ್ಲ.

ಸಾವಿತ್ರಿ ನಿಲಯ: ಬಂದಿದ್ದನ್ನು ಹೇಳಿದೆ ಅಷ್ಟೇ. ಕೋಪ ಯಾಕೆ.

ದಾಬಸ್‌ಪೇಟೆ ಗೋಡೌನ್: ಸರ್, ವೈರ್ ತೆಗೆಯುವುದು ಬೇಡ ಅಂದಿರಿ. ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಬಹುದಾ? ಯೂಟ್ಯೂಬ್‌ನಲ್ಲಿ ತೋರಿಸಿದ್ದಾರೆ.

ಠಾಣಾಧಿಕಾರಿ: ಬೇಡ.

ಹುಬ್ಬಳ್ಳಿ ಗ್ಯಾರೇಜ್: ಸರ್ ರೀ, ನಮ್ಮ ಹುಡುಗ್ರು ಏರ್ ಗನ್ ಹಿಡಕೊಂಡು ಒಬ್ರ ಹಿಂದ ಒಬ್ರು ಓಡ್ತಾರ. ಚಡ್ಡಿ ಹಿಂದ ಗಾಳಿ ಬಿಡೋದು, ನಗೋದು. ಇದಕ್ಕೇನರ ಹೇಳ್ರಿ.

ಠಾಣಾಧಿಕಾರಿ: ಇದೂ ಚೇಷ್ಟೆ ಅಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಒಂದು ಬೈಕ್ ಸರ್ವಿಸ್ ಸೆಂಟರ್‌ನಲ್ಲಿ ಗೆಳೆಯನೇ ಆಟಕ್ಕೆ ಬ್ಲೋವರ್‌ನಿಂದ ಹೀಗೇ ಗಾಳಿ ಬಿಟ್ಟ. ಕರುಳು ಹಾಳಾಗಿ ಹುಡುಗ ಸತ್ತ. ಬಿಟ್ಟವನನ್ನು ಪೊಲೀಸರು ಹಿಡಿದರು. ಗಾಳಿ ಒಳಗೆ ಹೋಗಲು ಬಟ್ಟೆ ಅಡ್ಡಿಯಾಗುವುದಿಲ್ಲ. ಯಾರಿಗಾದರೂ ಹಾಗಾಗಿ ಹೊಟ್ಟೆ ಉಬ್ಬಿ ನೋವು ಬಂದರೆ ನಾಚಿಕೆಯಿಂದ ಮುಚ್ಚಿಡಬೇಡಿ. 108ಕ್ಕೆ ಫೋನ್ ಮಾಡಿ, ಡಾಕ್ಟರಿಗೆ ಆಗಿದ್ದನ್ನು ಆಗಿದ್ದ ಹಾಗೇ ಹೇಳಿ.

ಹಾರೋಹಳ್ಳಿ ಸೂಪರ್‌ವೈಸರ್: ನಮ್ಮ ಕಾಲದಲ್ಲೂ ಇದೆಲ್ಲ ಇತ್ತು. ಆಗ ಯಾರಿಗೂ ಏನೂ ಆಗುತ್ತಿರಲಿಲ್ಲ. ಈಗಿನವರು ಸೂಕ್ಷ್ಮ.

ಲೇತ್ ಆಪರೇಟರ್: ನಿಮ್ಮ ಕಾಲದಲ್ಲಿ ಸತ್ತವರು ಗುಂಪಿಗೆ ಬಂದು ಹೇಳುವುದಿಲ್ಲವಲ್ಲ ಸಾರ್.

ಹಾರೋಹಳ್ಳಿ ಸೂಪರ್‌ವೈಸರ್: ಮಾತು ಹಿಡಿತದಲ್ಲಿರಲಿ. 22 ವರ್ಷ ಶಾಪ್ ಫ್ಲೋರ್ ನೋಡಿದ್ದೇನೆ.

ಲೇತ್ ಆಪರೇಟರ್: ನೋಡಿದ್ದೀರಿ, ಸರಿ. ಹಿಂದಿನ ಬಾಗಿಲಿಗೆ ಬೀಗ ಹಾಕಿಸುವವರೂ ನೀವೇ. ಕಳ್ಳತನ ಆಗುತ್ತೆ ಅಂತ. ತಮಾಷೆ ಮಾಡಿದ ಹುಡುಗನ ಬಗ್ಗೆ ಎರಡು ದಿನ ಚರ್ಚೆ, ಬೀಗದ ಬಗ್ಗೆ ಒಂದು ಮಾತಿಲ್ಲ.

ಎಚ್‌ಆರ್ ಮೇಡಂ: ಎರಡನ್ನೂ ಬೆರೆಸಬೇಡಿ ಪ್ಲೀಸ್. ಸುಳ್ಳು ಅಲಾರಂ ಹೊಡೆದವರದು ಶಿಸ್ತಿನ ಪ್ರಶ್ನೆ.

ಠಾಣಾಧಿಕಾರಿ: ಬೆರೆಸಲೇಬೇಕು ಮೇಡಂ. 2010ರ ಫೆಬ್ರವರಿ 23, ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ಬೆಂಕಿ ಬಿದ್ದು 9 ಜನ ಸತ್ತರು. ಮೆಟ್ಟಿಲಲ್ಲಿ ಹೊಗೆ ತುಂಬಿತ್ತು, ತುರ್ತು ಬಾಗಿಲುಗಳಿಗೆ ಬೀಗ, ಕೆಲವರು ಕಿಟಕಿಯಿಂದ ಹಾರಿದರು. ನಾಲ್ಕು ಸಲ ಸುಳ್ಳು ಅಲಾರಂ ಕೇಳಿದ ಜನ ಐದನೇ ಸಲ ತಡವಾಗಿ ಏಳುತ್ತಾರೆ. ಆ ತಡವಾದವನಿಗೆ ಬೀಗ ಹಾಕಿದ ಬಾಗಿಲು ಸಿಕ್ಕರೆ?

ಒಮ್ಮೆ ಒಂದೇ ಜಾಗದಿಂದ ಒಂದೇ ತಿಂಗಳಲ್ಲಿ ಮೂರು ಸಲ ಕರೆ. ಮೂರೂ ಸಲ ಸಂಜೆ ನಾಲ್ಕಕ್ಕೆ. ಹೋದಾಗ ಹುಡುಗರು ಕಾಂಪೌಂಡ್ ಮೇಲೆ ಕೂತು ಚಪ್ಪಾಳೆ ಹೊಡೆಯುತ್ತಿದ್ದರು. ಮೂರನೇ ಸಲ ವಾಪಸ್ ಬರುವಾಗ ವೈರ್‌ಲೆಸ್‌ನಲ್ಲಿ ಇನ್ನೊಂದು ಕರೆ, ಒಂದು ಮನೆ, ಸಿಲಿಂಡರ್ ಸೋರಿಕೆ. ಅದು ನಮ್ಮ ಠಾಣೆಯಿಂದ ನಾಲ್ಕೇ ನಿಮಿಷದ ದಾರಿ. ನಾವು ಇದ್ದದ್ದು ಟ್ರಾಫಿಕ್‌ನಲ್ಲಿ, ಊರಿನ ಇನ್ನೊಂದು ತುದಿಯಲ್ಲಿ. ಆ ಮನೆಯವರ ಮುಖ ನೆನಪಿದೆ. ಇಲ್ಲಿ ಬರೆಯುವುದಿಲ್ಲ.

ಪ್ಯಾಕಿಂಗ್ ಸೆಕ್ಷನ್: ಸರ್, ನಮ್ಮಲ್ಲಿ ಬರ್ತ್‌ಡೇ ಹುಡುಗನ ಮುಖಕ್ಕೆ ಡಿಸಿಪಿ (ಬೆಂಕಿ ಆರಿಸುವ ಪೌಡರ್) ಸಿಲಿಂಡರ್ ಹೊಡೆದರು. ಕಣ್ಣು ಕೆಂಪು, ಕೆಮ್ಮು ನಿಂತಿಲ್ಲ. ಒಬ್ಬರು ಕಣ್ಣಿಗೆ ಜೇನುತುಪ್ಪ ಹಾಕಿ ಅಂತಿದ್ದಾರೆ. ಸಿಲಿಂಡರ್‌ನಲ್ಲಿ ಇನ್ನೂ ಮುಕ್ಕಾಲು ಪೌಡರ್ ಇದೆ, ವಾಪಸ್ ಗೋಡೆಗೆ ಹಾಕಬಹುದಾ?

ಠಾಣಾಧಿಕಾರಿ: ಜೇನುತುಪ್ಪ ಹಾಕಬೇಡಿ. ಹಾಲು, ಎಣ್ಣೆ, ಬೇರೆ ಏನೂ ಬೇಡ. ನಲ್ಲಿ ನೀರು, 15 ನಿಮಿಷ, ಉಜ್ಜದೆ. ಕೆಮ್ಮು ನಿಂತಿಲ್ಲ ಅಂದರೆ ಈಗಲೇ ಆಸ್ಪತ್ರೆ, ನನ್ನ ಉತ್ತರ ಕಾಯುತ್ತಾ ಕೂರಬೇಡಿ. ಸಿಲಿಂಡರ್ ಒಂದು ಸೆಕೆಂಡ್ ಹೊಡೆದರೂ ರೀಫಿಲ್ ಮಾಡಿಸಬೇಕು. ವಾಲ್ವ್‌ನಲ್ಲಿ ಪೌಡರ್ ಸಿಕ್ಕಿಕೊಂಡು ಪ್ರೆಷರ್ ನಿಧಾನವಾಗಿ ಸೋರುತ್ತದೆ. ಬೆಂಕಿ ಬಿದ್ದ ದಿನ ಒತ್ತಿದರೆ ಪುಸ್ಸ್ ಅನ್ನುತ್ತದೆ.

ಸನ್ಮಿತ್ರ ಗ್ರೂಪ್ ಫಾರ್ವರ್ಡ್ಸ್: ಸುಟ್ಟ ಗಾಯಕ್ಕೆ ಕಾಫಿ ಪುಡಿ, ಟೂತ್‌ಪೇಸ್ಟ್, ಮೊಟ್ಟೆಯ ಬಿಳಿ. ನೂರಕ್ಕೆ ನೂರು ಗ್ಯಾರಂಟಿ 🔥

ಠಾಣಾಧಿಕಾರಿ: ಅಡ್ಮಿನ್, ಇವರನ್ನು ನೀವು ತೆಗೆಯುತ್ತೀರಾ, ನಾನು ಹೋಗಲಾ? ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು. ಪೇಸ್ಟ್ ಬಳಿದುಕೊಂಡು ಬಂದವರ ಚರ್ಮದಿಂದ ಅದನ್ನು ಕೆರೆದು ತೆಗೆಯುವುದನ್ನು ನೋಡಿದ್ದೇನೆ.

ಅಡ್ಮಿನ್: ತೆಗೆದಿದ್ದೇನೆ ಸರ್. ಕ್ಷಮಿಸಿ.

ಡೆಲಿವರಿ ಬಾಯ್: ಸರ್, ಪವರ್ ಬಟನ್ ಐದು ಸಲ ಒತ್ತಿ ಹೋಗಿ 112ಕ್ಕೆ ಕಾಲ್ ಹೋಯಿತು. ಹೆದರಿ ಕಟ್ ಮಾಡಿದೆ. ಪೊಲೀಸ್ ಬರುತ್ತಾರಾ?

ಠಾಣಾಧಿಕಾರಿ: ಕಟ್ ಮಾಡಬಾರದು. "ತಪ್ಪಿ ಹೋಯಿತು, ಸುರಕ್ಷಿತವಾಗಿದ್ದೇನೆ" ಅನ್ನಿ. ವಾಪಸ್ ಫೋನ್ ಬಂದರೆ ಎತ್ತಿ.

ಬೊಮ್ಮಸಂದ್ರ ಟೂಲ್ ರೂಂ: ಸರ್, ಇನ್ಶೂರೆನ್ಸ್?

ವೇರ್‌ಹೌಸ್ 3: ಸರ್, ಹೂಟರ್ ಸೌಂಡ್ ಜಾಸ್ತಿ, ಒಳಗೆ ಬಟ್ಟೆ ತುರುಕಿದರೆ?

ಠಾಣಾಧಿಕಾರಿ: ಮೇಲೆ ಓದಿ.

ಹಾರೋಹಳ್ಳಿ ಸೂಪರ್‌ವೈಸರ್: ಜನ ಮರ್ಯಾದೆಯಿಂದ ಕೇಳುತ್ತಿದ್ದಾರೆ. ನೀವು ಹೀಗೆ ಉತ್ತರ ಕೊಟ್ಟರೆ ಯಾರು ಕೇಳುತ್ತಾರೆ?

ಠಾಣಾಧಿಕಾರಿ: ಕೇಳದಿದ್ದರೂ ಪರವಾಗಿಲ್ಲ, ನಿಮ್ಮ ಹಿಂದಿನ ಬಾಗಿಲ ಬೀಗ ತೆಗೆಸಿ. ಪೀಣ್ಯದವರು ಇದ್ದೀರಾ?

ಪೀಣ್ಯ ರಾತ್ರಿ ಶಿಫ್ಟ್: ಇದ್ದೇನೆ ಸರ್. ಹುಡುಗರಿಗೆ ಓದಿ ಹೇಳಿದೆ. ಒಬ್ಬ ನಕ್ಕ. ಬಟನ್ ಒತ್ತಿದರೆ ಆಯಿತಲ್ಲ ಅಂದ.

ಠಾಣಾಧಿಕಾರಿ: ಬಟನ್ ಒತ್ತುವವನು ಆ ಹೊತ್ತಿಗೆ ಟೀಗೆ ಹೋಗಿದ್ದರೆ? ಸಿಸ್ಟಂನಲ್ಲಿ ಆಟೋ, ಮ್ಯಾನುಯಲ್ ಅಂತ ಕೀ ಸ್ವಿಚ್ ಇರುತ್ತದೆ. ಒಳಗೆ ಜನ ಕೆಲಸ ಮಾಡುವಾಗ ಅದು ಮ್ಯಾನುಯಲ್‌ನಲ್ಲಿರಬೇಕು, ಸಿಲಿಂಡರ್ ಲೈನ್ ಲಾಕ್ ಆಗಿರಬೇಕು, ಹೊರಗೆ ಬಂದ ಮೇಲೆ ವಾಪಸ್ ಆಟೋ. ನೀವು ಮುಟ್ಟಬೇಡಿ. ನಾಳೆ ಸರ್ವಿಸ್‌ನವರನ್ನು ಕರೆಸಲು ಹೇಳಿ. ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ಸಹಿ ತೆಗೆದುಕೊಳ್ಳಿ. ಕೀ ಶಿಫ್ಟ್ ಇನ್‌ಚಾರ್ಜ್ ಹತ್ತಿರ ಇರಲಿ.

ಪೀಣ್ಯ ರಾತ್ರಿ ಶಿಫ್ಟ್: ರಾತ್ರಿ ಇನ್‌ಚಾರ್ಜ್ ಯಾರೂ ಇರಲ್ಲ ಸರ್. ನಾವೇ.

ಠಾಣಾಧಿಕಾರಿ: ಶಿಫ್ಟ್ ಎಷ್ಟು ಗಂಟೆಗೆ?

ಪೀಣ್ಯ ರಾತ್ರಿ ಶಿಫ್ಟ್: ಹತ್ತಕ್ಕೆ.

ಠಾಣಾಧಿಕಾರಿ: ಮ್ಯಾನೇಜರ್ ನಂಬರ್ ನನಗೆ ಕಳಿಸಿ. ಇಲ್ಲಿ ಹಾಕಬೇಡಿ, ಪರ್ಸನಲ್‌ಗೆ. ನಾನೇ ಮಾತಾಡುತ್ತೇನೆ.

ಬೊಮ್ಮಸಂದ್ರ ಟೂಲ್ ರೂಂ: ಸರ್, ಒಂಬತ್ತು ಆಗುತ್ತಾ ಬಂತು. ನನ್ನ ಪ್ರಶ್ನೆ?

ಅಡ್ಮಿನ್: ಸರ್ ಫೋನ್‌ನಲ್ಲಿದ್ದಾರೆ. ಇವತ್ತಿಗೆ ಮುಚ್ಚುತ್ತಿದ್ದೇನೆ.